ರಾಷ್ಟ್ರೀಯ ಮಹಿಳಾ ಫುಟ್‌ಬಾಲ್ ಲೀಗ್ ಮತ್ತು ಬಳ್ಳಾರಿಯ ಹುಡುಗಿಯರು: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯಲ್ಲಿ ಹುಡುಗಿಯರಿಗೆ ಫುಟ್‌ಬಾಲ್ ಕಲಿಸುವ ನಮ್ಮನ್ನು ತಂದೆ ತಾಯಿಗಳು, ಶಾಲೆಯ ಪಿ.ಟಿ. ಮೇಷ್ಟ್ರುಗಳು, ಕಾಲೇಜು ಹುಡುಗಿಯರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಕೆಲವಕ್ಕೆ ಉತ್ತರ ಉದ್ದವಾಗಿದೆ, ಕೆಲವು ಒಂದೆರಡು ಸಾಲಿನಲ್ಲೇ ಮುಗಿಯುತ್ತವೆ. ಎಲ್ಲ ಉತ್ತರಗಳ ಹಿಂದೆಯೂ ನಾವು ಗಟ್ಟಿಯಾಗಿ ನಂಬಿರುವ ಒಂದು ಮಾತಿದೆ. ಹುಡುಗಿಯರ ಫುಟ್‌ಬಾಲ್ ಬೆಳೆದಿದೆಯೋ ಇಲ್ಲವೋ ಎಂದು ನೋಡಬೇಕಾದರೆ ಕಪ್ ಎಷ್ಟು ಬಂತು ಎಂದು ಕೇಳಬಾರದು. ಒಬ್ಬ ಹುಡುಗಿಗೆ ವರ್ಷಕ್ಕೆ ಎಷ್ಟು ಪಂದ್ಯ ಸಿಕ್ಕಿತು ಎಂದು ಕೇಳಬೇಕು.

ಹೆಣ್ಣುಮಕ್ಕಳ ಫುಟ್‌ಬಾಲ್‌ಗೂ ದೇಶಮಟ್ಟದ ಲೀಗ್ ಇದೆಯೇನ್ರಿ?

ಇದೆ. ಹೆಸರು ಇಂಡಿಯನ್ ವಿಮೆನ್ಸ್ ಲೀಗ್, ಚಿಕ್ಕದಾಗಿ ಐಡಬ್ಲ್ಯುಎಲ್. ನಡೆಸುವುದು ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್, ಅಂದರೆ ಎಐಎಫ್‌ಎಫ್. ಶುರುವಾದದ್ದು 2016-17ರ ಸಾಲಿನಲ್ಲಿ. ಟಿ.ವಿ.ಯಲ್ಲಿ ನೀವು ನೋಡುವ ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್, ಗಂಡಸರದು, ಇದು ಅದಕ್ಕಿಂತ ಬೇರೆ.

ಈ ಲೀಗ್ ಇಷ್ಟು ವರ್ಷದಲ್ಲಿ ನಿಜಕ್ಕೂ ಬೆಳೆದಿದೆಯೇ?

ಬೆಳೆದಿದೆ. ಎಲ್ಲಿಂದ ಎಲ್ಲಿಗೆ ಬಂತು ಎಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

ಮೊದಲ ಸಲ ಕಟಕ್‌ನಲ್ಲಿ ಪ್ರಾಥಮಿಕ ಸುತ್ತು ನಡೆಯಿತು. ಅಂತಿಮ ಸುತ್ತಿಗೆ ಆರು ತಂಡಗಳು ದೆಹಲಿಯ ಅಂಬೇಡ್ಕರ್ ಕ್ರೀಡಾಂಗಣಕ್ಕೆ ಬಂದವು. 2017ರ ಜನವರಿ 28ಕ್ಕೆ ಆರಂಭ, ಫೆಬ್ರುವರಿ 14ಕ್ಕೆ ಫೈನಲ್. ಮಣಿಪುರದ ಈಸ್ಟರ್ನ್ ಸ್ಪೋರ್ಟಿಂಗ್ ಯೂನಿಯನ್ ತಂಡ ಒಡಿಶಾದ ರೈಸಿಂಗ್ ಸ್ಟೂಡೆಂಟ್ಸ್ ತಂಡವನ್ನು 3-0ಯಿಂದ ಸೋಲಿಸಿ ಮೊದಲ ಚಾಂಪಿಯನ್ ಆಯಿತು. ಎಲ್ಲ ತಂಡಗಳೂ ಒಂದೇ ಊರಿನಲ್ಲಿ ಉಳಿದು, ಒಂದೇ ಮೈದಾನದಲ್ಲಿ ಆಡಿ, ಮೂರು ವಾರ ತುಂಬುವ ಮೊದಲೇ ಗಂಟುಮೂಟೆ ಕಟ್ಟಿದವು. ಹೆಸರಿಗೆ ಲೀಗ್ ಆಗಿದ್ದರೂ ಅದು ಒಂದು ಪಂದ್ಯಾವಳಿಯಷ್ಟೇ ಇತ್ತು. ವರ್ಷದ ಉಳಿದ ಹನ್ನೊಂದು ತಿಂಗಳು ಆ ಆಟಗಾರ್ತಿಯರು ಏನು ಮಾಡಬೇಕು ಎಂಬ ಪ್ರಶ್ನೆ ಹಾಗೇ ಉಳಿಯಿತು.

ಮುಂದಿನ ಕೆಲವು ವರ್ಷವೂ ಅದೇ ರೀತಿ. 2018ರಲ್ಲಿ ಶಿಲ್ಲಾಂಗ್‌ನಲ್ಲಿ ರೈಸಿಂಗ್ ಸ್ಟೂಡೆಂಟ್ಸ್ ಪೆನಾಲ್ಟಿ ಶೂಟೌಟ್‌ನಲ್ಲಿ ಗೆದ್ದು ಹಿಂದಿನ ಸೋಲಿನ ಲೆಕ್ಕ ತೀರಿಸಿತು. 2019ರಲ್ಲಿ ಲುಧಿಯಾನದಲ್ಲಿ ತಮಿಳುನಾಡಿನ ಸೇತು ಎಫ್‌ಸಿ ಗೆದ್ದಿತು. 2020ರ ಆರಂಭದಲ್ಲಿ ಲೀಗ್ ನಮ್ಮ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣಕ್ಕೇ ಬಂತು. ಅಲ್ಲಿ ಗೋಕುಲಂ ಕೇರಳ ತಂಡ ಮಣಿಪುರದ ಕ್ರಿಫ್ಸಾ ತಂಡವನ್ನು 3-2ರಿಂದ ಸೋಲಿಸಿತು. ಆಮೇಲೆ ಕೊರೊನಾ ಬಂದು ಒಂದು ಸಾಲು ಪೂರ್ತಿ ರದ್ದಾಯಿತು.

ಮೊದಲ ದೊಡ್ಡ ಬದಲಾವಣೆ 2022ರಲ್ಲಿ. ಭುವನೇಶ್ವರದಲ್ಲಿ 12 ತಂಡಗಳು ಸೇರಿ, ಪ್ರತಿ ತಂಡವೂ ಉಳಿದೆಲ್ಲ ತಂಡಗಳ ಎದುರು ಆಡುವ ಪದ್ಧತಿ ಬಂತು. ಒಬ್ಬೊಬ್ಬರಿಗೂ 11 ಪಂದ್ಯ. ಒಂದು ದಿನ ಕೆಟ್ಟದಾಗಿ ಆಡಿದರೆ ಮನೆಗೆ ಹೋಗಬೇಕಾದ ಭಯ ಇಲ್ಲವಾಯಿತು. 2023ರಲ್ಲಿ ಅಹಮದಾಬಾದ್‌ನಲ್ಲಿ 16 ತಂಡ ಆಡಿದವು. ಆ ಎರಡೂ ಸಲ ಗೋಕುಲಂ ಕೇರಳವೇ ಚಾಂಪಿಯನ್.

ಎರಡನೆಯ, ನಮ್ಮ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಬದಲಾವಣೆ ಬಂದದ್ದು 2023-24ರಲ್ಲಿ. ತಂಡಗಳು ಏಳೇ ಇದ್ದವು. ಆದರೆ ಮೊದಲ ಬಾರಿಗೆ ತಮ್ಮ ಊರಲ್ಲಿ ಒಂದು, ಎದುರಾಳಿಯ ಊರಲ್ಲಿ ಒಂದು ಎಂದು ಆಡಿದವು. ಹೆಣ್ಣುಮಕ್ಕಳ ತಂಡಕ್ಕೆ ತನ್ನದೇ ತವರು ಮೈದಾನ ಸಿಕ್ಕಿತು, ತನ್ನ ಊರಿನ ಜನ ಬಂದು ಕೂರುವ ಗ್ಯಾಲರಿ ಸಿಕ್ಕಿತು. ಡಿಸೆಂಬರ್‌ನಲ್ಲಿ ಶುರುವಾದ ಲೀಗ್ ಮಾರ್ಚ್‌ವರೆಗೆ ನಡೆಯಿತು. ಒಡಿಶಾ ಎಫ್‌ಸಿ ಗೆದ್ದಿತು. ಅದೇ ಸಾಲಿನಲ್ಲಿ ಎರಡನೇ ದರ್ಜೆಯ ಲೀಗ್, ಅಂದರೆ ಐಡಬ್ಲ್ಯುಎಲ್-2 ಕೂಡ ಶುರುವಾಯಿತು. ಗೆದ್ದವರು ಮೇಲೆ ಹೋಗುವುದು, ಕೊನೆಗೆ ಉಳಿದವರು ಕೆಳಗೆ ಇಳಿಯುವುದು ಎಂಬ ಏಣಿ ಆಗ ಬಂತು. 2024-25ರಲ್ಲಿ ಎಂಟು ತಂಡ, ಪ್ರತಿ ತಂಡಕ್ಕೂ 14 ಪಂದ್ಯ. ಆ ಸಾಲು ಗೆದ್ದದ್ದು ಕೋಲ್ಕತ್ತದ ಈಸ್ಟ್ ಬೆಂಗಾಲ್. ಅಷ್ಟು ದೊಡ್ಡ, ಅಷ್ಟು ಹಳೆಯ ಕ್ಲಬ್ಬಿಗೆ ಸುಮಾರು ಎರಡು ದಶಕದ ನಂತರ ರಾಷ್ಟ್ರೀಯ ಲೀಗ್ ಪ್ರಶಸ್ತಿ ತಂದುಕೊಟ್ಟವರು ಅದರ ಹೆಣ್ಣುಮಕ್ಕಳು.

2017ರಲ್ಲಿ ಚಾಂಪಿಯನ್ ತಂಡ ಅಂತಿಮ ಸುತ್ತಿನಲ್ಲಿ ಆಡಿದ್ದು ಏಳು ಪಂದ್ಯ. 2024-25ರಲ್ಲಿ ಕೊನೆಯ ಸ್ಥಾನದ ತಂಡಕ್ಕೂ ಅದರ ಎರಡರಷ್ಟು ಸಿಕ್ಕಿತು. ಇಂಗ್ಲೆಂಡಿನ ಮಹಿಳಾ ಸೂಪರ್ ಲೀಗ್‌ನಲ್ಲಿ 12 ತಂಡಗಳಿದ್ದಾಗ ಒಬ್ಬೊಬ್ಬರಿಗೆ 22 ಪಂದ್ಯ. ನಮ್ಮದು ಇನ್ನೂ ಅಲ್ಲಿಗೆ ಮುಟ್ಟಿಲ್ಲ, ಆದರೆ ದಿಕ್ಕು ಸರಿಯಿದೆ.

2016ಕ್ಕೆ ಮುಂಚೆ ನಮ್ಮ ದೇಶದಲ್ಲಿ ಹೆಂಗಸರು ಫುಟ್‌ಬಾಲ್ ಆಡುತ್ತಲೇ ಇರಲಿಲ್ಲವೇ?

ಆಡುತ್ತಿದ್ದರು, ಚೆನ್ನಾಗಿಯೇ ಆಡುತ್ತಿದ್ದರು. 1975ರಲ್ಲಿ ಮಹಿಳಾ ಫುಟ್‌ಬಾಲ್‌ಗೆಂದೇ ಬೇರೆ ಫೆಡರೇಶನ್ ಹುಟ್ಟಿ, ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಸತೊಡಗಿತು. 1980ರ ಜನವರಿಯಲ್ಲಿ ಕೋಯಿಕ್ಕೋಡ್‌ನಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಭಾರತ ಫೈನಲ್ ತಲುಪಿತ್ತು. 1983ರಲ್ಲಿ ಬ್ಯಾಂಕಾಕ್‌ನಲ್ಲಿ ಮತ್ತೆ ಫೈನಲ್. ಅದೇ ವರ್ಷ ಭಾರತ ತಂಡದ ಶಾಂತಿ ಮಲ್ಲಿಕ್ ಅವರಿಗೆ ಅರ್ಜುನ ಪ್ರಶಸ್ತಿ ಬಂತು.

1990ರ ದಶಕದ ಆರಂಭದಲ್ಲಿ ಮಹಿಳಾ ಫುಟ್‌ಬಾಲ್ ಎಐಎಫ್‌ಎಫ್ ಕೈಗೆ ಬಂತು. ಆಮೇಲಿನ ಎರಡು ದಶಕ ರಾಜ್ಯ ತಂಡಗಳ ನಡುವಿನ ಒಂದು ಚಾಂಪಿಯನ್‌ಷಿಪ್ ಬಿಟ್ಟರೆ ಆಟಗಾರ್ತಿಯರಿಗೆ ಹೇಳಿಕೊಳ್ಳುವಂಥದ್ದು ಬಹಳ ಇರಲಿಲ್ಲ. ಆ ಚಾಂಪಿಯನ್‌ಷಿಪ್‌ನಲ್ಲಿ ಮಣಿಪುರ ಇಪ್ಪತ್ತಕ್ಕೂ ಹೆಚ್ಚು ಬಾರಿ ಗೆದ್ದಿದೆ. ಕಾರಣ ಸರಳ. ಅಲ್ಲಿ ಊರೂರಿಗೆ ಕ್ಲಬ್ ಇದೆ, ಹುಡುಗಿಯರು ಸಂಜೆ ಮೈದಾನದಲ್ಲಿರುವುದನ್ನು ಜನ ವಿಚಿತ್ರವಾಗಿ ನೋಡುವುದಿಲ್ಲ. ಓಯಿನಾಂ ಬೆಂಬೆಂ ದೇವಿ ಅಲ್ಲಿಂದಲೇ ಬಂದು ಎರಡು ದಶಕ ದೇಶಕ್ಕೆ ಆಡಿದರು. 2020ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಕರ್ನಾಟಕದ ತಂಡ ಯಾವುದಾದರೂ ಇದೆಯೇ?

ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ. 2023ರ ಅಹಮದಾಬಾದ್ ಫೈನಲ್‌ನಲ್ಲಿ ಗೋಕುಲಂ ಎದುರು 0-5ರಿಂದ ಸೋತರೂ, ರಾಜ್ಯದ ತಂಡವೊಂದು ಅಲ್ಲಿಯವರೆಗೆ ಹೋಯಿತು ಎಂಬುದು ನಮಗೆ ಹೆಮ್ಮೆಯೇ. ಅದೇ ಸಾಲಿನಲ್ಲಿ ಬೆಂಗಳೂರಿನ ಮಿಸಾಕಾ ಯುನೈಟೆಡ್ ಕೂಡ ಆಡಿತ್ತು. ರಾಜ್ಯಮಟ್ಟದಲ್ಲಿ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ, ಅಂದರೆ ಕೆಎಸ್‌ಎಫ್‌ಎ, ಕರ್ನಾಟಕ ಮಹಿಳಾ ಲೀಗ್ ನಡೆಸುತ್ತದೆ.

ಗಮನಿಸಿ, ಇಷ್ಟರಲ್ಲಿ ಬಂದ ಹೆಸರೆಲ್ಲ ಬೆಂಗಳೂರಿನವು. ನಮ್ಮ ಕೊರಗು ಅಲ್ಲೇ ಇದೆ.

ಬಳ್ಳಾರಿಯ ಹುಡುಗಿ ಆ ಲೀಗ್‌ವರೆಗೆ ಹೋಗುವ ದಾರಿ ಯಾವುದು?

ದಾರಿ ಇದೆ, ಆದರೆ ನಡುವೆ ಒಂದು ದೊಡ್ಡ ಕಂದಕ ಇದೆ. ಎರಡನ್ನೂ ಹೇಳಬೇಕು.

ಶಾಲಾ ಮಟ್ಟದಲ್ಲಿ ಇಲಾಖೆಯ ಕ್ರೀಡಾಕೂಟ: ತಾಲ್ಲೂಕು, ಜಿಲ್ಲೆ, ಕಲಬುರಗಿ ವಿಭಾಗ, ರಾಜ್ಯ. ಶಾಲಾ ತಂಡಗಳ ರಾಷ್ಟ್ರೀಯ ಪಂದ್ಯಾವಳಿಯಾದ ಸುಬ್ರೊತೊ ಕಪ್‌ನಲ್ಲಿ 17 ವರ್ಷದೊಳಗಿನ ಬಾಲಕಿಯರ ವಿಭಾಗವಿದೆ. ಕೇಂದ್ರ ಕ್ರೀಡಾ ಸಚಿವಾಲಯದ ಖೇಲೋ ಇಂಡಿಯಾ ಯೋಜನೆಯಡಿ ಹೆಣ್ಣುಮಕ್ಕಳಿಗೆಂದೇ ನಡೆಯುವ ಅಸ್ಮಿತಾ ಲೀಗ್‌ಗಳಲ್ಲಿ ಫುಟ್‌ಬಾಲ್ ಕೂಡ ಒಂದು. ಕಾಲೇಜಿಗೆ ಬಂದರೆ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಗಳು, ಅಲ್ಲಿಂದ ಅಂತರ ವಿಶ್ವವಿದ್ಯಾಲಯ. ಇದರ ಜೊತೆಗೆ ರಾಜ್ಯ ತಂಡದ ಆಯ್ಕೆ, ಕ್ಲಬ್‌ಗಳ ಟ್ರಯಲ್ಸ್. ರಾಜ್ಯ ಲೀಗ್‌ನಲ್ಲಿ ಆಡುವ ಕ್ಲಬ್ ಸೇರಿದರೆ, ಆ ಲೀಗ್‌ನಲ್ಲಿ ಮೇಲೆ ಬಂದ ತಂಡವನ್ನು ರಾಜ್ಯ ಸಂಸ್ಥೆ ಐಡಬ್ಲ್ಯುಎಲ್-2ಕ್ಕೆ ಸೂಚಿಸುತ್ತದೆ, ಅದರಲ್ಲಿ ಗೆದ್ದರೆ ಮುಖ್ಯ ಲೀಗ್. ಕಾಗದದ ಮೇಲೆ ಈ ಏಣಿ ಪೂರ್ತಿಯಾಗಿದೆ.

ಕಂದಕ ಇರುವುದು ಶಾಲೆ ಮತ್ತು ಕ್ಲಬ್ ನಡುವೆ. ಶಾಲಾ ಪಂದ್ಯಗಳು ಸಾಮಾನ್ಯವಾಗಿ ನಾಕೌಟ್. ಸೋತ ತಂಡ ಅವತ್ತೇ ಮನೆಗೆ, ಮುಂದಿನ ಪಂದ್ಯ ಮುಂದಿನ ವರ್ಷ. ಹಳ್ಳಿಯಿಂದ ಟಂಟಂ ಹತ್ತಿ ಬಂದ ಹುಡುಗಿಯರು ಒಂದು ಪಂದ್ಯ ಆಡಿ, ಬಿಸಿಲಲ್ಲಿ ಒಂದು ಗಂಟೆ ಕೂತು, ಬಾಡಿದ ಮುಖದಲ್ಲಿ ಹಿಂತಿರುಗುವುದನ್ನು ನೋಡಿದರೆ ಸಂಕಟವಾಗುತ್ತದೆ. ತಪ್ಪು ಮಾಡಿ, ತಿದ್ದಿಕೊಂಡು, ಮುಂದಿನ ವಾರ ಮತ್ತೆ ಆಡಿದರೆ ಮಾತ್ರ ಆಟ ಬರುತ್ತದೆ. ಮಣಿಪುರದ ಹದಿಮೂರರ ಹುಡುಗಿಗೂ ನಮ್ಮ ಕುರುಗೋಡಿನ ಹದಿಮೂರರ ಹುಡುಗಿಗೂ ಕಾಲಿನ ಬಲದಲ್ಲಿ ಏನೂ ವ್ಯತ್ಯಾಸವಿಲ್ಲ. ಹದಿನೇಳಕ್ಕೆ ಬರುವ ಹೊತ್ತಿಗೆ ಒಬ್ಬೊಬ್ಬಳು ಆಡಿದ ಪಂದ್ಯಗಳ ಸಂಖ್ಯೆಯೇ ಇಬ್ಬರನ್ನೂ ಬೇರೆ ಮಾಡಿಬಿಡುತ್ತದೆ.

ಆದ್ದರಿಂದ ನಾವು ಜಿಲ್ಲೆಯ ಶಾಲೆಗಳನ್ನು ಕೇಳುತ್ತಿರುವುದು ದೊಡ್ಡದೇನಲ್ಲ. ಹತ್ತಿರದ ನಾಲ್ಕು ಶಾಲೆ ಸೇರಿ, ಜುಲೈನಿಂದ ಡಿಸೆಂಬರ್‌ವರೆಗೆ, ತಿಂಗಳಿಗೆ ಎರಡು ಶನಿವಾರ ಏಳೇಳು ಜನರ ತಂಡ ಮಾಡಿ ಆಡಲಿ. ಪೂರ್ತಿ ಮೈದಾನ ಬೇಡ, ಅರ್ಧ ಸಾಕು. ಕಪ್ ಬೇಡ, ವೇದಿಕೆ ಬೇಡ, ಅತಿಥಿಗಳ ಭಾಷಣ ಬೇಡ. ಡಿಸೆಂಬರ್‌ಗೇ ಮುಗಿಸಿ ಎನ್ನುವುದಕ್ಕೂ ಕಾರಣವಿದೆ. ಸಿರುಗುಪ್ಪ, ಕುರುಗೋಡು ಕಡೆ ಜನವರಿ ಬಂದರೆ ಮೆಣಸಿನಕಾಯಿ ಬಿಡಿಸುವ ಕಾಲ, ಎಷ್ಟೋ ಹುಡುಗಿಯರು ಅವ್ವನ ಜೊತೆ ಹೊಲಕ್ಕೆ ಹೋಗಬೇಕಾಗುತ್ತದೆ. ಅದಾದ ಮೇಲೆ ಪರೀಕ್ಷೆ, ಅದಾದ ಮೇಲೆ ಬಿಸಿಲು.

ಹಳ್ಳಿಯ ಶಾಲೆಯಿಂದ ಇಂಥದ್ದೆಲ್ಲ ಆಗುತ್ತದೆಯೇ?

ಹರಿಯಾಣದ ಭಿವಾನಿ ಜಿಲ್ಲೆಯಲ್ಲಿ ಅಲಖ್‌ಪುರಾ ಎಂಬ ಹಳ್ಳಿಯಿದೆ. ಅಲ್ಲಿನ ಸರ್ಕಾರಿ ಶಾಲೆಯ ಹುಡುಗಿಯರು ಸುಬ್ರೊತೊ ಕಪ್ ಗೆದ್ದರು. ಆ ಹಳ್ಳಿಯ ಹೆಸರಿನದೇ ಕ್ಲಬ್ ಕಟ್ಟಿ, 2017ರ ಮೊದಲ ಐಡಬ್ಲ್ಯುಎಲ್‌ನಲ್ಲಿ ಅಂತಿಮ ಸುತ್ತಿನ ಆರು ತಂಡಗಳಲ್ಲಿ ಒಂದಾಗಿ ಆಡಿದರು. ಹೆಣ್ಣುಮಕ್ಕಳ ವಿಚಾರದಲ್ಲಿ ಹರಿಯಾಣದ ಹಳ್ಳಿಗಳ ಮನೋಭಾವ ನಮ್ಮ ಕಡೆಗಿಂತ ಸಡಿಲವೇನೂ ಅಲ್ಲ.

ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ಸೌಮ್ಯಾ ಗುಗುಲೋತ್. ತೆಲಂಗಾಣದ ನಿಜಾಮಾಬಾದ್ ಜಿಲ್ಲೆಯ ತಾಂಡಾದಿಂದ ಬಂದ ಹುಡುಗಿ. 2024-25ರಲ್ಲಿ ಈಸ್ಟ್ ಬೆಂಗಾಲ್‌ಗೆ ಪ್ರಶಸ್ತಿ ಖಚಿತ ಮಾಡಿದ ಪಂದ್ಯದ ಏಕೈಕ ಗೋಲು ಅವರದು. ಸಂಡೂರು ಕಡೆಯ ತಾಂಡಾಗಳ ಹುಡುಗಿಯರಿಗೆ ನಾವು ಈ ಹೆಸರನ್ನು ಮತ್ತೆ ಮತ್ತೆ ಹೇಳುತ್ತೇವೆ.

ತೋರಣಗಲ್ಲಿನಲ್ಲಿ ದೊಡ್ಡ ಕ್ರೀಡಾ ಸಂಸ್ಥೆ ಇದೆಯಲ್ಲ, ಅಲ್ಲಿಗೆ ಸೇರಿಸಬಹುದೇ?

ನೀವು ಹೇಳುತ್ತಿರುವುದು ವಿಜಯನಗರ ಟೌನ್‌ಶಿಪ್‌ನಲ್ಲಿರುವ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್. 2018ರಲ್ಲಿ ಆರಂಭವಾದ ಅಲ್ಲಿ ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್‌ನಲ್ಲಿ ಹುಡುಗಿಯರೂ ತರಬೇತಿ ಪಡೆಯುತ್ತಾರೆ. ಬೆಂಗಳೂರು ಎಫ್‌ಸಿಯ ವಸತಿ ಅಕಾಡೆಮಿಗೂ ಅದೇ ನೆಲೆ, ಆದರೆ ಆ ಅಕಾಡೆಮಿಯಲ್ಲಿ ಬೆಳೆದದ್ದು ಹುಡುಗರ ತಂಡಗಳು. ದೇಶದ ಒಳ್ಳೆಯ ಮೈದಾನಗಳಲ್ಲಿ ಒಂದು ನಮ್ಮದೇ ಜಿಲ್ಲೆಯಲ್ಲಿದೆ. ಅದರ ಮೇಲೆ ನಮ್ಮ ಜಿಲ್ಲೆಯ ಹುಡುಗಿಯರ ಫುಟ್‌ಬಾಲ್ ತಂಡ ಓಡಾಡುವ ದಿನ ಬರಲೇಬೇಕು ಎಂದು ನಾವು ಆಸೆಪಡುತ್ತೇವೆ, ಕೇಳುತ್ತಲೂ ಇರುತ್ತೇವೆ.

ಇದರಿಂದ ಹೊಟ್ಟೆ ತುಂಬುತ್ತದೆಯೇ?

ಜೀನ್ಸ್ ಹೊಲಿಗೆ ಘಟಕದಲ್ಲಿ ಪೀಸಿಗಿಷ್ಟು ಎಂದು ದುಡಿದು ಮಗಳನ್ನು ಓದಿಸುವ ತಾಯಿ ಈ ಪ್ರಶ್ನೆ ಕೇಳಿದಾಗ ಬಣ್ಣದ ಮಾತು ಹೇಳಬಾರದು. ಫುಟ್‌ಬಾಲ್ ಒಂದರಿಂದಲೇ ಬದುಕುವ ಆಟಗಾರ್ತಿಯರು ದೇಶದಲ್ಲಿ ಇನ್ನೂ ಕಡಿಮೆ. 2023ರಲ್ಲಿ ಎಐಎಫ್‌ಎಫ್ ಕಾರ್ಯಕಾರಿ ಸಮಿತಿ ಒಂದು ಮುಖ್ಯ ತೀರ್ಮಾನ ಮಾಡಿತು: ಐಡಬ್ಲ್ಯುಎಲ್‌ನ ಪ್ರತಿ ಕ್ಲಬ್ ಕನಿಷ್ಠ 10 ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ ಕನಿಷ್ಠ 3.2 ಲಕ್ಷ ರೂಪಾಯಿಯ ವೃತ್ತಿಪರ ಒಪ್ಪಂದ ಕೊಡಬೇಕು. ತಿಂಗಳಿಗೆ ಲೆಕ್ಕ ಹಾಕಿದರೆ ಸುಮಾರು 27 ಸಾವಿರ. ಎಂಟು ತಂಡಕ್ಕೆ ಹತ್ತರಂತೆ ಎಂದರೆ ಎಂಬತ್ತು ಜನ. ಅಷ್ಟು ದೊಡ್ಡ ದೇಶಕ್ಕೆ ಎಂಬತ್ತು ಜಾಗ. ಅದಕ್ಕೇ ತಂಡಗಳು ಹೆಚ್ಚಬೇಕು, ಕೆಳದರ್ಜೆಯ ಲೀಗ್ ಗಟ್ಟಿಯಾಗಬೇಕು ಎನ್ನುವುದು.

ಉದ್ಯೋಗದ ಬಾಗಿಲು ಬೇರೆಯೂ ಇವೆ. ರೈಲ್ವೆ, ಪೊಲೀಸ್, ಎಸ್‌ಎಸ್‌ಬಿ, ಸಿಆರ್‌ಪಿಎಫ್‌ನಂಥ ಪಡೆಗಳು ಕ್ರೀಡಾಪಟುಗಳನ್ನು ತೆಗೆದುಕೊಳ್ಳುತ್ತವೆ. ರಾಷ್ಟ್ರೀಯ ತಂಡದ ಇಂದುಮತಿ ಕದಿರೇಶನ್ ತಮಿಳುನಾಡು ಪೊಲೀಸ್ ಇಲಾಖೆಯಲ್ಲಿ ಸಬ್ ಇನ್‌ಸ್ಪೆಕ್ಟರ್. ವಿದೇಶದ ದಾರಿಯೂ ತೆರೆದಿದೆ. 2020ರಲ್ಲಿ ಭಾರತದ ಆಟಗಾರ್ತಿ ಬಾಲಾ ದೇವಿ ಸ್ಕಾಟ್ಲೆಂಡಿನ ರೇಂಜರ್ಸ್ ಕ್ಲಬ್ ಸೇರಿದರು. 2022ರಲ್ಲಿ ಮನೀಷಾ ಕಲ್ಯಾಣ್ ಸೈಪ್ರಸ್‌ನ ಅಪೊಲೊನ್ ಕ್ಲಬ್ ಪರ ಯುರೋಪಿನ ಯುಇಎಫ್‌ಎ ಮಹಿಳಾ ಚಾಂಪಿಯನ್ಸ್ ಲೀಗ್ ಆಡಿದ ಮೊದಲ ಭಾರತೀಯ ಆಟಗಾರ್ತಿಯಾದರು. ಆದರೂ ನಮ್ಮ ಸಲಹೆ: ಮಗಳ ಓದು ನಿಲ್ಲಿಸಬೇಡಿ.

ಆಟ ಅಂತ ಹೋದ್ರೆ ಎಸ್ಸೆಸ್ಸೆಲ್ಸಿ ಏನಾಗಬೇಕ್ರಿ?

ಅಭ್ಯಾಸಕ್ಕೆ ಬೇಕಾದದ್ದು ದಿನಕ್ಕೆ ಒಂದೂವರೆ ಗಂಟೆ. ಹತ್ತನೇ ತರಗತಿಯ ಹುಡುಗಿಯರು ಫೆಬ್ರುವರಿ, ಮಾರ್ಚ್‌ನಲ್ಲಿ ವಾರಕ್ಕೆ ಎರಡು ದಿನ ಬಂದರೂ ಸಾಕು. ನಮ್ಮ ಕಣ್ಣಿಗೆ ಬಿದ್ದಂತೆ ಹುಡುಗಿಯ ಓದು ನಿಲ್ಲಿಸುವುದು ಫುಟ್‌ಬಾಲ್ ಅಲ್ಲ, ಹದಿನೆಂಟು ತುಂಬುವ ಮೊದಲೇ ಮನೆಯಲ್ಲಿ ಎದ್ದೇಳುವ ಮದುವೆಯ ಮಾತು. ಮೈದಾನಕ್ಕೆ ಬರುವ ಹುಡುಗಿಗೆ ತನ್ನ ಮುಂದಿನ ಎರಡು ವರ್ಷದ ಬಗ್ಗೆ ಒಂದು ಯೋಚನೆ ಇರುತ್ತದೆ. ಆ ಯೋಚನೆಯನ್ನು ಅವಳು ಮನೆಯಲ್ಲಿ ಬಾಯಿಬಿಟ್ಟು ಹೇಳುವುದನ್ನೂ ಕಲಿಯುತ್ತಾಳೆ.

ಚಡ್ಡಿ ಹಾಕಲೇಬೇಕೇ? ತಲೆವಸ್ತ್ರ ಹಾಕಿಕೊಂಡು ಆಡಬಹುದೇ?

ಶಾರ್ಟ್ಸ್ ಒಳಗೆ ಅದೇ ಬಣ್ಣದ ಲೆಗ್ಗಿಂಗ್ಸ್ ಹಾಕಲು ನಿಯಮದಲ್ಲಿ ಅವಕಾಶವಿದೆ. ತಲೆವಸ್ತ್ರಕ್ಕೆ 2014ರಿಂದ ಅಂತರರಾಷ್ಟ್ರೀಯ ನಿಯಮವೇ ಒಪ್ಪಿದೆ. ಪಿನ್ನು ಇರಬಾರದು, ಬಿಗಿಯಾಗಿರಬೇಕು, ಅಂಗಿಗೆ ಸೇರಿರಬಾರದು. ಬಟ್ಟೆಯ ಕಾರಣಕ್ಕೆ ಯಾವ ಹುಡುಗಿಯೂ ಮನೆಯಲ್ಲಿ ಉಳಿಯಬೇಕಿಲ್ಲ.

ಮುಟ್ಟಿನ ದಿನಗಳಲ್ಲಿ?

ಮೈ ಒಪ್ಪಿದರೆ ಆಡಬಹುದು, ಹಾನಿಯಿಲ್ಲ. ಹೊಟ್ಟೆನೋವು ಇದ್ದರೆ ಕೂರಬಹುದು, ಕಾರಣ ಯಾರೂ ಕೇಳುವುದಿಲ್ಲ. ಮೈದಾನದ ಹತ್ತಿರ ಬಾಗಿಲಿಗೆ ಚಿಲಕ ಇರುವ, ನೀರು ಬರುವ ಶೌಚಾಲಯ ಇದೆಯೇ ಎಂದು ಮೊದಲು ನೋಡಿ ನಂತರವೇ ಅಭ್ಯಾಸದ ಜಾಗ ಗೊತ್ತು ಮಾಡಿ. ಹುಡುಗಿಯರು ಆಟ ಬಿಡುವುದಕ್ಕೆ ಇದು ಎಷ್ಟು ದೊಡ್ಡ ಕಾರಣ ಎಂಬುದು ತಂಡ ನಡೆಸುವ ಗಂಡಸರ ಗಮನಕ್ಕೆ ಬರುವುದೇ ಇಲ್ಲ.

ಬಳ್ಳಾರಿಯ ಬಿಸಿಲಿನಲ್ಲಿ ಆಡಿಸುತ್ತೀರಾ?

ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿದು. ಆ ದಿನಗಳಲ್ಲಿ ಬೆಳಿಗ್ಗೆ ಏಳೂವರೆಯೊಳಗೆ ಅಭ್ಯಾಸ ಮುಗಿಯಬೇಕು. ಬಾಯಾರುವ ಮುಂಚೆಯೇ ನೀರು ಕುಡಿಯುವುದು, ಪ್ರತಿ ಕಾಲು ಗಂಟೆಗೆ ವಿರಾಮ, ಒಆರ್‌ಎಸ್ ಪೊಟ್ಟಣ ಚೀಲದಲ್ಲಿ. ತಲೆ ಸುತ್ತಿತು, ವಾಂತಿ ಬಂತು ಎಂದರೆ ಆಟ ಅಲ್ಲಿಗೇ ನಿಲ್ಲಬೇಕು, ನೆರಳು, ಮೈಮೇಲೆ ತಣ್ಣೀರು, ತಡಮಾಡದೆ ಆಸ್ಪತ್ರೆ.

ಊಟ ಏನು ಕೊಡಬೇಕು? ಪ್ರೋಟೀನ್ ಪುಡಿ ಬೇಕೇ?

ಪುಡಿ ಬೇಡ, ಆ ದುಡ್ಡಿಗೆ ಮೊಟ್ಟೆ ತನ್ನಿ. ಜೋಳದ ರೊಟ್ಟಿ, ಬೇಳೆ, ಮೊಳಕೆ ಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು: ನಮ್ಮ ಮನೆ ಊಟವೇ ಆಟಗಾರ್ತಿಗೆ ಒಳ್ಳೆಯದು, ಪ್ರಮಾಣ ಮಾತ್ರ ಹೆಚ್ಚಬೇಕು. ಅಣ್ಣ ತಮ್ಮಂದಿರು ಉಂಡ ಮೇಲೆ ಉಳಿದದ್ದು ಉಣ್ಣುವ ಪದ್ಧತಿ ಇದ್ದರೆ ದಯವಿಟ್ಟು ಬಿಡಿ. ಅಭ್ಯಾಸ ಮುಗಿದ ಮೇಲೆ ಒಂದು ಹಿಡಿ ಶೇಂಗಾ, ಒಂದು ತುಂಡು ಬೆಲ್ಲ, ಒಂದು ಬಾಳೆಹಣ್ಣು. ಮಿರ್ಚಿ ಮಂಡಕ್ಕಿ ಭಾನುವಾರಕ್ಕೆ ಇರಲಿ.

ರಕ್ತಹೀನತೆಯ ಬಗ್ಗೆ ಒತ್ತಿ ಹೇಳಲೇಬೇಕು. ರಾಜ್ಯದ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಅದಿದೆ. ಹುಡುಗಿ ಓಡಲಾರಳು, ಬೇಗ ಉಸಿರು ಕಟ್ಟುತ್ತದೆ ಎಂದರೆ ಸೋಮಾರಿ ಎಂದು ಬೈಯುವ ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ತಪ್ಪದೆ ನುಂಗಿಸಿ, ಅದರ ಜೊತೆ ಚಹಾ ಬೇಡ.

ಮೊಣಕಾಲು ಹೋಗುತ್ತದೆ ಅಂತಾರೆ, ನಿಜವೇ?

ಮೊಣಕಾಲಿನೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವ ಅಪಾಯ ಗಂಡು ಆಟಗಾರರಿಗಿಂತ ಹೆಣ್ಣು ಆಟಗಾರ್ತಿಯರಿಗೆ ಎರಡು ಮೂರು ಪಟ್ಟು ಹೆಚ್ಚು. ಅದನ್ನು ಕಡಿಮೆ ಮಾಡುವ ದಾರಿಯೂ ಇದೆ. ಫಿಫಾ 11+ ಎಂಬ ಇಪ್ಪತ್ತು ನಿಮಿಷದ ವ್ಯಾಯಾಮ ಕ್ರಮ, ಯಾವ ಸಲಕರಣೆಯೂ ಬೇಡ. ವಾರಕ್ಕೆ ಎರಡು ಮೂರು ಸಲ ಆಟಕ್ಕೆ ಮುಂಚೆ ಮಾಡಿಸಿದರೆ ಗಾಯಗಳು ಗಣನೀಯವಾಗಿ ಕಡಿಮೆಯಾಗುತ್ತವೆ. ಪಿ.ಟಿ. ಮೇಷ್ಟ್ರುಗಳೇ, ಮೈದಾನಕ್ಕೆ ಎರಡು ಸುತ್ತು ಓಡಿಸಿ ಪಂದ್ಯಕ್ಕೆ ಇಳಿಸುವುದನ್ನು ಇನ್ನಾದರೂ ಬಿಡೋಣ. ಗಟ್ಟಿ ಕೆಂಪು ನೆಲದಲ್ಲಿ ಉದ್ದ ಸ್ಟಡ್‌ನ ಬೂಟು ಕೂಡ ಅಪಾಯ. ಚಿಕ್ಕ ಗುಬುಟಿರುವ ಟರ್ಫ್ ಶೂ ಮೇಲು.

ಹೊರಊರಿಗೆ ಕಳಿಸಿದರೆ ಹುಡುಗಿ ಸುರಕ್ಷಿತವೇ?

ಈ ಭಯ ಸುಳ್ಳಲ್ಲ. 2024ರ ಮಾರ್ಚ್‌ನಲ್ಲಿ ಗೋವಾದಲ್ಲಿ ಐಡಬ್ಲ್ಯುಎಲ್-2 ಆಡಲು ಹೋಗಿದ್ದ ಹಿಮಾಚಲದ ತಂಡದ ಇಬ್ಬರು ಆಟಗಾರ್ತಿಯರು, ಫೆಡರೇಶನ್ನಿನ ಪದಾಧಿಕಾರಿಯೊಬ್ಬರು ಹೋಟೆಲಿನಲ್ಲಿ ತಮ್ಮ ಮೇಲೆ ಕೈಮಾಡಿದರು ಎಂದು ದೂರು ಕೊಟ್ಟರು. ಬಂಧನವೂ ಆಯಿತು, ಅಮಾನತೂ ಆಯಿತು. ಆ ಹುಡುಗಿಯರು ಬಾಯಿ ಬಿಟ್ಟರು ಎಂಬುದೇ ದೊಡ್ಡದು.

ಕಳಿಸುವ ಮೊದಲು ನೀವು ಕೇಳಲೇಬೇಕಾದದ್ದು: ತಂಡದ ಜೊತೆ ಹೆಂಗಸು ಮ್ಯಾನೇಜರ್ ಇದ್ದಾರೆಯೇ, ಎಲ್ಲಿ ಉಳಿಯುತ್ತಾರೆ, ಕೋಣೆಯಲ್ಲಿ ಯಾರು ಯಾರು, ಮಗಳ ಬಳಿ ಫೋನ್ ಇರುತ್ತದೆಯೇ. ಉತ್ತರ ಕೊಡಲು ಮುಖ ಸಿಂಡರಿಸುವ ತಂಡಕ್ಕೆ ಮಗಳನ್ನು ಕಳಿಸಬೇಡಿ. ಕೋಚ್ ಒಬ್ಬರೇ ಹುಡುಗಿಯನ್ನು ಬೈಕಿನಲ್ಲಿ ಕರೆದೊಯ್ಯುವುದು, ರಾತ್ರಿ ಮೆಸೇಜ್ ಕಳಿಸುವುದು ಯಾವ ಕಾರಣಕ್ಕೂ ಸರಿಯಲ್ಲ. ಹದಿನೆಂಟರೊಳಗಿನ ಮಕ್ಕಳಿಗೆ ಪೋಕ್ಸೊ ಕಾಯ್ದೆಯ ರಕ್ಷಣೆ ಇದೆ. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112. ಈ ಎರಡು ಸಂಖ್ಯೆಯನ್ನು ಮಗಳಿಗೆ ಬಾಯಿಪಾಠ ಮಾಡಿಸಿ.

ಟ್ರಯಲ್ಸ್‌ಗೆ ಬೆಂಗಳೂರಿಗೆ ಹೋಗಿ ಬರಲು ಎಷ್ಟು ಕಷ್ಟ?

ಸುಮಾರು 300 ಕಿಲೋಮೀಟರ್. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹತ್ತಿದರೆ ಬೆಳಿಗ್ಗೆಗೆ ಬೆಂಗಳೂರು. ಆದರೆ ರಾತ್ರಿಯಿಡೀ ಪ್ರಯಾಣ ಮಾಡಿ, ನಿಲ್ದಾಣದಲ್ಲಿ ಮುಖ ತೊಳೆದು ಟ್ರಯಲ್ಸ್‌ಗೆ ನಿಲ್ಲುವ ಹುಡುಗಿಯನ್ನು, ಮನೆಯಲ್ಲಿ ಮಲಗಿ ಎದ್ದು ಬಂದ ಹುಡುಗಿಯ ಪಕ್ಕ ನಿಲ್ಲಿಸಿ ಅಳೆಯುವುದು ನ್ಯಾಯವಲ್ಲ. ಸಾಧ್ಯವಾದರೆ ಒಂದು ದಿನ ಮುಂಚೆ ಹೋಗಿ. ಆಯ್ಕೆಗಾರರೇ ವರ್ಷಕ್ಕೊಮ್ಮೆ ಬಳ್ಳಾರಿಗೋ ರಾಯಚೂರಿಗೋ ಬಂದು ಕಲ್ಯಾಣ ಕರ್ನಾಟಕದ ಹುಡುಗಿಯರನ್ನು ನೋಡಲಿ ಎಂಬುದು ನಮ್ಮ ಬಹುದಿನದ ಬೇಡಿಕೆ. ಹುಡುಗಿಯರು ನೂರು ಜನ ಹೋಗುವುದಕ್ಕಿಂತ ಆಯ್ಕೆಗಾರರು ಮೂರು ಜನ ಬರುವುದು ಸುಲಭ.

ದಾಖಲೆ ಏನೇನು ಬೇಕು?

ಜನನ ಪ್ರಮಾಣ ಪತ್ರ, ಆಧಾರ್, ಶಾಲೆಯ ವ್ಯಾಸಂಗ ಪತ್ರ, ಫೋಟೊ. ಕ್ಲಬ್ ಸೇರಿದರೆ ಫೆಡರೇಶನ್ನಿನ ಆನ್‌ಲೈನ್ ವ್ಯವಸ್ಥೆಯಲ್ಲಿ ನೋಂದಣಿಯಾಗಬೇಕು. ನಮ್ಮ ಕಡೆ ಶಾಲೆಗೆ ಸೇರಿಸುವಾಗ ಎಷ್ಟೋ ಮಕ್ಕಳಿಗೆ ಜೂನ್ 1 ಎಂದು ಅಂದಾಜಿನ ಹುಟ್ಟಿದ ದಿನ ಬರೆಸಿರುತ್ತಾರೆ. ಜನನ ಪತ್ರದಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಆಯ್ಕೆಯಾದ ಮೇಲೂ ತೊಂದರೆ. ಹತ್ತು ಹನ್ನೊಂದು ವರ್ಷದಲ್ಲೇ ಸರಿಪಡಿಸಿ. ವಯೋಮಿತಿಯ ಟೂರ್ನಿಗಳಲ್ಲಿ ಮಣಿಕಟ್ಟಿನ ಎಕ್ಸ್-ರೇ ತೆಗೆದು ವಯಸ್ಸು ನೋಡುವುದೂ ಇದೆ. ಆದ್ದರಿಂದ ವಯಸ್ಸು ಕಡಿಮೆ ಬರೆಸುವ ಆಲೋಚನೆಯೇ ಬೇಡ.

ಲೀಗ್ ಬೆಳೆದದ್ದರಿಂದ ಭಾರತ ತಂಡಕ್ಕೆ ಏನು ಲಾಭವಾಯಿತು?

2025ರ ಜುಲೈ 5ರಂದು ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಭಾರತ ಥಾಯ್ಲೆಂಡನ್ನು 2-1ರಿಂದ ಸೋಲಿಸಿತು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದು. ಅರ್ಹತಾ ಸುತ್ತು ಆಡಿ, ಗೆದ್ದು, ಏಷ್ಯನ್ ಕಪ್‌ಗೆ ಭಾರತದ ಮಹಿಳೆಯರು ಹೋದದ್ದು ಅದೇ ಮೊದಲು. ಎದುರಾಳಿ ಎರಡು ಬಾರಿ ವಿಶ್ವಕಪ್ ಆಡಿದ ತಂಡ, ಆಡಿದ್ದು ಅವರದೇ ನೆಲದಲ್ಲಿ. ಆಗ ತಂಡದ ಕೋಚ್ ಆಗಿದ್ದ ಕ್ರಿಸ್ಪಿನ್ ಛೆಟ್ರಿ, 2023-24ರಲ್ಲಿ ಒಡಿಶಾ ಎಫ್‌ಸಿಗೆ ಲೀಗ್ ಗೆಲ್ಲಿಸಿಕೊಟ್ಟವರು. ತಿಂಗಳುಗಟ್ಟಲೆ ನಡೆಯುವ ಲೀಗ್ ಬಂದ ಮೇಲೆ ಈ ಗೆಲುವು ಬಂತು. ಎರಡಕ್ಕೂ ಸಂಬಂಧವಿದೆ ಎಂದೇ ನಮ್ಮ ನಂಬಿಕೆ.

ಹಿಂದಿನ ನೋವುಗಳನ್ನೂ ನೆನೆಯಬೇಕು. 2022ರಲ್ಲಿ ಏಷ್ಯನ್ ಕಪ್ ನಮ್ಮಲ್ಲೇ ನಡೆದಾಗ ತಂಡದೊಳಗೆ ಕೊರೊನಾ ಹರಡಿ ಮಧ್ಯದಲ್ಲೇ ಹೊರಬೀಳಬೇಕಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಫಿಫಾ ನಮ್ಮ ಫೆಡರೇಶನ್ನನ್ನು ಹನ್ನೊಂದು ದಿನ ಅಮಾನತಿನಲ್ಲಿಟ್ಟಾಗ, ಏಷ್ಯಾದ ಕ್ಲಬ್ ಚಾಂಪಿಯನ್‌ಷಿಪ್‌ಗೆಂದು ಉಜ್ಬೆಕಿಸ್ತಾನಕ್ಕೆ ಹೋಗಿ ಇಳಿದಿದ್ದ ಗೋಕುಲಂ ಹುಡುಗಿಯರು ಒಂದೂ ಪಂದ್ಯ ಆಡದೆ ಮರಳಿದರು. ಆಡಳಿತದವರ ತಪ್ಪಿಗೆ ಬೆಲೆ ಕೊಟ್ಟವರು ಆಟಗಾರ್ತಿಯರು. ಈಗ ಐಡಬ್ಲ್ಯುಎಲ್ ಗೆದ್ದ ತಂಡಕ್ಕೆ ಎಎಫ್‌ಸಿ ಮಹಿಳಾ ಚಾಂಪಿಯನ್ಸ್ ಲೀಗ್‌ಗೆ ದಾರಿಯಿದೆ.

ಬೇರೆ ದೇಶಗಳಿಗೆ ಎಷ್ಟು ಕಾಲ ಹಿಡಿಯಿತು?

ಜಪಾನ್ ಮಹಿಳಾ ಲೀಗ್ ಶುರುಮಾಡಿದ್ದು 1989ರಲ್ಲಿ, ವಿಶ್ವಕಪ್ ಗೆದ್ದದ್ದು 2011ರಲ್ಲಿ. ಇಂಗ್ಲೆಂಡಿನಲ್ಲಿ 1921ರಿಂದ ಸುಮಾರು ಐವತ್ತು ವರ್ಷ ಅಲ್ಲಿನ ಫುಟ್‌ಬಾಲ್ ಸಂಘದ ಮೈದಾನಗಳಲ್ಲಿ ಹೆಂಗಸರು ಆಡುವುದನ್ನೇ ನಿಷೇಧಿಸಿದ್ದರು. ನಮಗೆ ಹೆಚ್ಚು ಪಾಠ ಇರುವುದು ಬಾಂಗ್ಲಾದೇಶದಲ್ಲಿ. ಅಲ್ಲಿ 2011ರಲ್ಲಿ ಪ್ರಾಥಮಿಕ ಶಾಲೆಯ ಹುಡುಗಿಯರಿಗೆ ದೇಶವ್ಯಾಪಿ ಪಂದ್ಯಾವಳಿ ಆರಂಭಿಸಿದರು. ಮೈಮನ್‌ಸಿಂಗ್ ಜಿಲ್ಲೆಯ ಕಲ್ಸಿಂದೂರ್ ಎಂಬ ಒಂದೇ ಹಳ್ಳಿಯ ಶಾಲೆಯಿಂದ ಹಲವರು ರಾಷ್ಟ್ರೀಯ ತಂಡಕ್ಕೆ ಬಂದರು. 2022 ಮತ್ತು 2024ರಲ್ಲಿ ದಕ್ಷಿಣ ಏಷ್ಯಾದ ಸ್ಯಾಫ್ ಪ್ರಶಸ್ತಿ ಗೆದ್ದದ್ದು ಬಾಂಗ್ಲಾ. ಅದಕ್ಕೆ ಮುಂಚೆ ಐದಕ್ಕೆ ಐದೂ ಸಲ ಗೆದ್ದವರು ನಾವು.

ನನಗೆ ಈಗ ಹತ್ತೊಂಬತ್ತು. ತಡವಾಯಿತೇ?

ಆಡುವುದಕ್ಕೆ ತಡವಾಗಿಲ್ಲ. ಜೊತೆಗೆ ಕಲಿಸುವ ದಾರಿಯೂ ಇದೆ. ಫೆಡರೇಶನ್ನಿನ ಡಿ ಲೈಸೆನ್ಸ್ ಕೋರ್ಸ್ ಕೆಲವೇ ದಿನದ್ದು, ಅದು ಕೋಚ್ ಆಗುವ ಆರಂಭದ ಮೆಟ್ಟಿಲುಗಳಲ್ಲಿ ಒಂದು. ರೆಫ್ರಿ ಪರೀಕ್ಷೆಯೂ ಇದೆ. ನಮ್ಮ ಭಾಗದಲ್ಲಿ ಹೆಂಗಸು ಕೋಚ್, ಹೆಂಗಸು ರೆಫ್ರಿ ಇದ್ದರೆ ಎಷ್ಟೋ ಮನೆಯವರು ಧೈರ್ಯವಾಗಿ ಮಗಳನ್ನು ಕಳಿಸುತ್ತಾರೆ. ಕಬಡ್ಡಿ, ಕೊಕ್ಕೊ ಆಡಿದವರು ಬೇಗ ಹೊಂದಿಕೊಳ್ಳುತ್ತಾರೆ. ಕೊಕ್ಕೊದಲ್ಲಿ ಕಲಿತ ತಿರುವು ಫುಟ್‌ಬಾಲ್‌ನಲ್ಲಿ ಬಹಳ ಕೆಲಸಕ್ಕೆ ಬರುತ್ತದೆ.

ಪಂದ್ಯಗಳನ್ನು ಎಲ್ಲಿ ನೋಡಬಹುದು?

ಯೂಟ್ಯೂಬ್‌ನಲ್ಲಿ ಇಂಡಿಯನ್ ಫುಟ್‌ಬಾಲ್ ಚಾನೆಲ್‌ನಲ್ಲಿ, ಉಚಿತವಾಗಿ. ಮಗಳ ಜೊತೆ ಅಪ್ಪನೂ ಕೂತು ಒಂದು ಪಂದ್ಯ ಪೂರ್ತಿ ನೋಡಲಿ.

ಮೊದಲ ದಿನ ಮಗಳು ಏನು ತರಬೇಕು?

ನೀರಿನ ಬಾಟಲಿ, ಹಳೆಯ ಟೀ ಶರ್ಟ್, ಓಡಲು ಬರುವ ಪ್ಯಾಂಟ್, ಕ್ಯಾನ್ವಾಸ್ ಶೂ. ಬೂಟು ಈಗಲೇ ಕೊಳ್ಳಬೇಡಿ, ಎರಡು ತಿಂಗಳು ನಿಂತು ಆಡಿದ ಮೇಲೆ ನೋಡೋಣ. ಕಿವಿಯೋಲೆ, ಬಳೆ, ಸರ ಮನೆಯಲ್ಲೇ ಇರಲಿ. ತೆಗೆಯಲು ಬಾರದ ಮೂಗುತಿ ಇದ್ದರೆ ಅಭ್ಯಾಸಕ್ಕೆ ಮೇಲೆ ಟೇಪ್ ಹಚ್ಚುತ್ತೇವೆ. ನಿಯಮದ ಪ್ರಕಾರ ನಡೆಯುವ ಪಂದ್ಯಗಳಲ್ಲಿ ಅದನ್ನೂ ತೆಗೆಯಬೇಕಾಗುತ್ತದೆ ಎಂಬುದು ತಿಳಿದಿರಲಿ. ಹನ್ನೆರಡರೊಳಗಿನವರಿಗೆ 4ನೇ ಅಳತೆಯ ಚೆಂಡು, ದೊಡ್ಡವರಿಗೆ 5ನೇ ಅಳತೆಯದು, ಎರಡೂ ನಮ್ಮಲ್ಲಿವೆ. ಮೊದಲ ವಾರ ತಾಯಿಯೋ ಅಕ್ಕನೋ ಜೊತೆಗೆ ಬಂದು ಮೈದಾನದ ಬದಿಯಲ್ಲಿ ಕೂತು ನೋಡಬಹುದು, ಆಡಬೇಕೆನಿಸಿದರೆ ಅವರಿಗೂ ಜಾಗವಿದೆ.